ಕೂರಲು ಬಾರದ ಹಕ್ಕಿ

ಅತ್ತೆಯವರ ಹಳೆಯ ಸೀರೆಗಳನ್ನು ಕೌದಿ ಹೊಲಿಯಲೆಂದು ಹರಿಯುತ್ತ ಕುಳಿತಿದ್ದೆ. ಇಳಕಲ್ ಸೀರೆಗಳು ಒಗೆದೊಗೆದು ಮೆತ್ತಗಾಗಿದ್ದವು. ಅಂಚು ಬಿಡಿಸಿ, ಮೈಯನ್ನು ಉದ್ದಕ್ಕೆ ಹರಿದು, ಒಂದರ ಮೇಲೊಂದು ಮಡಿಸಿಡುತ್ತಿದ್ದೆ. ಅವರು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಹಾಸಿಗೆ ಹಿಡಿದ ಅವರನ್ನು ಹಲವು ವರ್ಷ ನೋಡಿಕೊಂಡವಳು ನಾನು. ಹೊರಳಿಸುವುದು, ಒರೆಸುವುದು, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವುದು, ಗಂಜಿಯನ್ನು ಚಮಚದಿಂದ ಬಾಯಿಗೆ ಹಾಕಿ ಅದು ಗಂಟಲಲ್ಲಿ ಇಳಿಯುವ ತನಕ ಕಾಯುವುದು. ಅವರು ಹೋದ ದಿನ ನಾನು ಅಳಲಿಲ್ಲ. ಬಂದವರು ಅದನ್ನು ಗಮನಿಸಿದರು, ಒಬ್ಬರು ನನಗೆ ಕೇಳಿಸುವ ಹಾಗೆಯೇ ಆಡಿಕೊಂಡರು. ಅಳು ಬಂದಿದ್ದರೆ ತಡೆಯುತ್ತಿರಲಿಲ್ಲ. ಬರಲಿಲ್ಲ, ಅಷ್ಟೆ. ಆಮೇಲೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಎದ್ದು ಅವರ ಕೋಣೆಗೆ ಹೋಗುತ್ತಿದ್ದೆ. ಖಾಲಿ ಮಂಚ ನೋಡಿ ಹೊರಗೆ ಬರುತ್ತಿದ್ದೆ.

ಓಣಿಯ ತುದಿಯಲ್ಲಿ ಬೆಳಗಿನಿಂದ ಜೆಸಿಬಿ ಸದ್ದು ಮಾಡುತ್ತಿತ್ತು. ಅಲ್ಲಿ ಹಳೆಯ ಕಾಲದ ಒಂದು ವಖಾರಿ ಇತ್ತು. ಹಿಂದೆ ಹತ್ತಿ ತುಂಬುತ್ತಿದ್ದರಂತೆ. ಹುಬ್ಬಳ್ಳಿಯ ಹಳೆ ಓಣಿಗಳಲ್ಲಿ ಅಂಥವು ಇನ್ನೂ ಒಂದೊಂದು ಉಳಿದಿವೆ. ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯ ಅಕ್ಕ ಒಂದು ಮರ ಹಿಡಿದುಕೊಂಡು ಒಳಗೆ ಬಂದರು. ಜೋಳ ಕೇರುವ ಮರ. ಅದರಲ್ಲಿ ಕರ್ರಗಿನ ಎರಡು ಮುದ್ದೆ.

"ತಂಗೀ, ವಖಾರಿ ಕೆಡವಿಬಿಟ್ರು ನೋಡು. ಛತ್ತಿನ ಕೆಳಗ ಗೂಡು ಇದ್ದುವಲ್ಲ, ಎಲ್ಲಾ ಮಣ್ಣಪಾಲು. ಈ ಎರಡ ಮರಿ ಅಷ್ಟ ಉಳದಾವ."

"ನನ್ನ ಕಡೆ ಯಾಕ ತಂದ್ರಿ ಅಕ್ಕಾರ?"

"ಮತ್ತ ಯಾರ ಕಡೆ ಒಯ್ಲಿ? ಇಡೀ ಓಣ್ಯಾಗ ಚಮಚದಿಂದ ಉಣಿಸಿ ರೂಢಿ ಇರಾಕಿ ನೀ ಒಬ್ಬಾಕಿ. ಈಗ ಹೆಂಗೂ ನಿನ್ನ ಕೈ ಖಾಲಿ ಐತಿ."

ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನಗೂ ಚುಚ್ಚಲಿಲ್ಲ. ಹರಿದ ಸೀರೆಯ ಒಂದು ತುಂಡನ್ನು ಮರದಲ್ಲಿ ಹಾಸಿ ಮರಿಗಳನ್ನು ಅದರ ಮೇಲಿಟ್ಟೆ. ಮೈತುಂಬ ಪುಕ್ಕ ಬಂದಿತ್ತು. ಗದ್ದದ ಕೆಳಗೆ ಬಿಳಿ, ಬಾಲದ ಬುಡದಲ್ಲಿ ಬಿಳಿ, ಉಳಿದದ್ದೆಲ್ಲ ಹೊಗೆ ಹಿಡಿದ ಗೋಡೆಯ ಬಣ್ಣ. ಎರಡೂ ಹೊಟ್ಟೆಯ ಮೇಲೆ ಬಿದ್ದುಕೊಂಡಿದ್ದವು. ಕಾಲು ಇವೆಯೋ ಇಲ್ಲವೋ ಕಾಣುತ್ತಿರಲಿಲ್ಲ.

ಅಕ್ಕ ಎಲ್ಲಿಂದಲೋ ಒಂದು ಬೇವಿನ ಕಡ್ಡಿ ತಂದು, ಡಬ್ಬಿಯ ಮೇಲೆ ಅಡ್ಡ ಇಟ್ಟು, ಒಂದು ಮರಿಯನ್ನು ಅದರ ಮೇಲೆ ಕೂರಿಸಲು ನೋಡಿದರು. ಅದು ಮುಂದಕ್ಕೆ ಮುಗ್ಗರಿಸಿತು. ಇನ್ನೊಮ್ಮೆ ಕೂರಿಸಿದರು. ಹಿಂದಕ್ಕೆ ಬಿತ್ತು. ಇನ್ನೊಂದು ಮರಿಯೂ ಹಾಗೆಯೇ ಬಿತ್ತು.

"ಅಯ್ಯ ಶಿವನ, ಎರಡೂ ಕುಂಟ ಆಗ್ಯಾವ," ಅಂದರು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ಹಸಿದ ಜೀವಕ್ಕೆ ಏನು ಕೊಡಬೇಕೆಂದರೆ ನಮಗೆ ಹೊಳೆಯುವುದು ಒಂದೇ, ಹಾಲು. ಅಕ್ಕಿಯ ನುಚ್ಚನ್ನು ಹಾಲಿನಲ್ಲಿ ಮೆತ್ತಗೆ ಬೇಯಿಸಿ, ಸೋಸಿ, ಅತ್ತೆಯವರಿಗೆ ಕುಡಿಸಲು ಇಟ್ಟುಕೊಂಡಿದ್ದ ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ ಕೊಕ್ಕಿನ ಸಂದಿಗೆ ಬಿಟ್ಟೆ. ಮಾವನವರು ಪೂಜೆ ಮುಗಿಸಿ ಬಂದು, ಎರಡಕ್ಕೂ ಒಂದೊಂದು ಹನಿ ತೀರ್ಥ ಹಾಕಿದರು. ಅವರು ಹೆಚ್ಚು ಮಾತಾಡುವವರಲ್ಲ. ಸಾಲಿ ಮಾಸ್ತರಾಗಿದ್ದಾಗಿನ ಗಟ್ಟಿ ದನಿ ಅತ್ತೆಯವರು ಮಲಗಿದ ಮೇಲೆ ಇಳಿದುಹೋಗಿತ್ತು. ಈಗ ಇನ್ನಷ್ಟು.

ಬೆಳಗಾದಾಗ ಒಂದು ಮರಿ ತಣ್ಣಗಾಗಿತ್ತು. ಕೊಕ್ಕಿನಲ್ಲಿ ಹಾಲು ಒಣಗಿತ್ತು. ಹಿತ್ತಲಿನ ದಾಸವಾಳದ ಬುಡದಲ್ಲಿ ಕುಣಿ ತೋಡಿದೆ. ಮಾವನವರು ಒಂದು ಚಿಟಿಕೆ ವಿಭೂತಿ ಹಾಕಿದರು. ಒಳಗೆ ಬಂದು ಕೈ ತೊಳೆದುಕೊಂಡು ರೊಟ್ಟಿಗೆ ಹಿಟ್ಟು ನಾದಿದೆ. ಏನೂ ಅನಿಸಲಿಲ್ಲ. ಎರಡರಲ್ಲಿ ಒಂದು ಉಳಿದಿದೆ ಎಂದಷ್ಟೇ ಲೆಕ್ಕ ಹಾಕಿದೆ. ಶಿವನಿಗೆ ಅಷ್ಟಾದರೂ ಕರುಣೆ ಇತ್ತಲ್ಲ.

ನಮ್ಮ ಮನೆಯವರು ದೇಶಪಾಂಡೆ ನಗರದಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅಂಗಡಿಗೆ ಹೋಗುವ ಮುಂಚೆ ನನ್ನನ್ನು ಸ್ಕೂಟರ್ ಮೇಲೆ ದನದ ದವಾಖಾನೆಗೆ ಕರೆದೊಯ್ದರು. ಮರಿ ನನ್ನ ತೊಡೆಯ ಮೇಲೆ ಬೂಟಿನ ಡಬ್ಬಿಯಲ್ಲಿತ್ತು. ಡಾಕ್ಟರಬಾಯಿ ಇನ್ನೂ ಸಣ್ಣ ವಯಸ್ಸಿನವರು. ಹೊರಗೆ ಒಂದು ಎಮ್ಮೆ, ಎರಡು ಆಡು ಕಾಯುತ್ತಿದ್ದವು.

"ನಾ ದನ-ಎಮ್ಮಿ ಡಾಕ್ಟರ್ ರೀ, ಖರೇ ಹೇಳ್ತೇನಿ," ಎಂದು ಡಬ್ಬಿಯೊಳಗೆ ಬಗ್ಗಿ ನೋಡಿದರು. "ಏನ ತಿನಿಸೀರಿ?"

"ಹಾಲು-ನುಚ್ಚು ರೀ. ಮೆತ್ತಗ ಮಾಡಿ."

ಅವರು ಮರಿಯನ್ನು ಎತ್ತಿ ಮೇಜಿನ ಮೇಲೆ ಇಟ್ಟುಕೊಂಡರು. ಹಿಂದೆ ತಮಗೆ ಕಲಿಸಿದ ಯಾರಿಗೋ ಫೋನ್ ಮಾಡಿ, ಮರಿಯ ರೆಕ್ಕೆ ಬಿಡಿಸುತ್ತ, ಕಾಲು ನೋಡುತ್ತ ಬಹಳ ಹೊತ್ತು ಮಾತಾಡಿದರು. ಅರಣ್ಯ ಇಲಾಖೆಯ ಕಚೇರಿಗೂ ತಿಳಿಸಿದರು. ಹಾರುವ ತನಕ ಇಟ್ಟುಕೊಳ್ಳಲಿ, ಪಂಜರಕ್ಕೆ ಹಾಕುವುದು ಬೇಡ ಎಂದರಂತೆ. ಆಮೇಲೆ ನನ್ನ ಕಡೆ ತಿರುಗಿದರು.

"ಇದಕ್ಕ ಪುಸ್ತಕದಾಗ ಬಾನಾಡಿ ಅಂತಾರ್ರಿ. ಹಾಲು ಕುಡಿಯೋ ಜೀವ ಅಲ್ಲ ಇದು. ಕಾಳೂ ತಿನ್ನಂಗಿಲ್ಲ. ಹುಳ ಅಷ್ಟ."

"ಕಾಲ ಮುರದಾವೇನ್ರಿ? ಕಡ್ಡಿ ಮ್ಯಾಲ ಕೂಡವಲ್ದು."

"ಕೂಡಾಕ ಬರಂಗಿಲ್ರಿ ಅದಕ್ಕ. ಇಲ್ಲಿ ನೋಡ್ರಿ." ಉಗುರಿನ ತುದಿಯಿಂದ ಪುಕ್ಕ ಸರಿಸಿ ಕಾಲು ತೋರಿಸಿದರು. ಕಾಲು ಅನ್ನುವಷ್ಟು ಉದ್ದವೂ ಇಲ್ಲ, ಹೊಟ್ಟೆಯಿಂದಲೇ ಹೊರಟ ಒಂದು ಪಂಜ. "ಗುಬ್ಬಿ, ಕಾಗಿಗೆ ಮೂರ ಬೆರಳ ಮುಂದ, ಒಂದ ಬೆರಳ ಹಿಂದ. ಅದಕ್ಕ ಟೊಂಗಿ ಹಿಡೀತಾವ. ಇದಕ್ಕ ನಾಕೂ ಮುಂದ ಅದಾವ. ಗ್ವಾಡಿಗೆ ಉಗುರ ಕೊಕ್ಕಿಗತೆ ಸಿಗಿಸಿ ಜೋತಬೀಳತೈತಿ. ಟೊಂಗಿ ಕೆಲಸಾನ ಇಲ್ಲ ಇದಕ್ಕ, ನೆಲದ ಕೆಲಸಾನೂ ಇಲ್ಲ. ಉಳಿದದ್ದೆಲ್ಲಾ ಗಾಳ್ಯಾಗ."

"ಎಲ್ಲಾ ಅಂದ್ರ?"

"ತಿನ್ನೂದು ಗಾಳ್ಯಾಗ. ನೀರ ಕುಡಿಯೂದು ಕೆರಿ ಮ್ಯಾಲ ಹಾರಕೋತ. ಗೂಡಿಗೆ ಬೇಕಾದ ಪುಕ್ಕ, ಹುಲ್ಲಕಡ್ಡಿ ಸೈತ ಗಾಳ್ಯಾಗ ತೇಲಿಬಂದದ್ದ ಹಿಡದು, ತಮ್ಮ ಉಗುಳಿನಿಂದ ಅಂಟಿಸ್ತಾವಂತ."

ಡಬ್ಬಿಯ ಒಂದು ಬದಿಗೆ ಗೋಣಿಚೀಲದ ತುಂಡು ಜೋತುಹಾಕಿ ಎಂದರು. ಪುಕ್ಕಕ್ಕೆ ಎಣ್ಣೆ ಕೈ ತಾಗಬಾರದು, ತಾಗಿದರೆ ಗಾಳಿ ಹಿಡಿಯುವ ಪುಕ್ಕ ಒಂದಕ್ಕೊಂದು ಅಂಟಿಕೊಂಡು ಕೆಡುತ್ತದೆ. ನೀರನ್ನು ಬಾಯೊಳಗೆ ಬಿಡಬಾರದು, ಹತ್ತಿಯಿಂದ ಕೊಕ್ಕಿನ ಬದಿಗೆ ಮುಟ್ಟಿಸಬೇಕು. ಹಗಲೆಲ್ಲ ತಾಸಿಗೊಮ್ಮೆಯಾದರೂ ಹುಳ ತಿನಿಸಬೇಕು.

"ಎಂಥಾ ಹುಳ ರೀ?"

"ಮಿಡಚಿ, ಮಳಿಹುಳ, ಹಿಟ್ಟಿನ ಹುಳ. ಕಾಲ ತಗದು, ತಲಿ ಹಿಚುಕಿ ಕೊಡ್ರಿ. ಜೀವಂತ ಕೊಟ್ರ ಗಂಟಲಾಗ ಕಚ್ಚತಾವ."

ಮನೆಯವರು ನನ್ನನ್ನು ಮನೆ ಮುಂದೆ ಇಳಿಸಿ, "ಅಪ್ಪಗ ನೀನ ಹೇಳು," ಎಂದು ಸ್ಕೂಟರ್ ತಿರುಗಿಸಿದರು.

ಮಾವನವರಿಗೆ ಹೇಳಿದೆ. ಅವರು ಕೋಲು ಗೋಡೆಗೆ ಒರಗಿಸಿ ಕುಳಿತರು.

"ಲಿಂಗ ಮುಟ್ಟೋ ಕೈಲೆ ಹುಳದ ತಲಿ ಹಿಚಕ್ತೀಯೇನ ಯವ್ವಾ?"

ಡಬ್ಬಿಗೆ ಗೋಣಿಚೀಲ ಜೋತುಹಾಕಿ ಮರಿಯನ್ನು ಅದಕ್ಕೆ ತಾಗಿಸಿದೆ. ಅದು ಒಮ್ಮೆಲೇ ಎಲ್ಲ ಉಗುರು ಹಚ್ಚಿ, ಮೈ ನೆಟ್ಟಗೆ ಮಾಡಿಕೊಂಡು ನೇತಾಡಿತು. ಹಿಂದಿನ ದಿನ ಎರಡು ಸಲ ಬಿದ್ದ ಹಕ್ಕಿ ಇದೇನಾ ಅನಿಸಿತು. ಬಾಯಿ ತೆರೆಯಿತು. ಕೊಕ್ಕು ನೋಡಿದರೆ ಜೋಳದ ಮೊಳಕೆಯಷ್ಟು, ತೆರೆದರೆ ಕಣ್ಣಿನ ಕೆಳತನಕ ಸೀಳಿದ ಚೀಲ. ಗಾಳಿಯಲ್ಲಿ ಬಾಯಿ ತೆರೆದುಕೊಂಡೇ ಹೋಗುವ ಜೀವಕ್ಕೆ ಕೊಕ್ಕಿಗಿಂತ ಬಾಯಿಯೇ ಮುಖ್ಯವಿರಬೇಕು. ಆ ಬಾಯಿಗೆ ಹಾಕಲು ನನ್ನ ಅಡುಗೆ ಮನೆಯಲ್ಲಿ ಏನೂ ಇರಲಿಲ್ಲ.

ಆಮೇಲೆ ಜೋಳ ನೆನಪಾಯಿತು.

ಅತ್ತೆಯವರ ಕೋಣೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅವರ ಕಾಯಿಲೆಯ ಗದ್ದಲದಲ್ಲಿ ನಾನು ಅದನ್ನು ತೆಗೆದಿರಲಿಲ್ಲ. ತೆಗೆದರೆ ಜೋಳವೆಲ್ಲ ನುಸಿ, ಮೇಲಿಟ್ಟ ಹಿಟ್ಟಿನ ಗಂಟಿನಲ್ಲಿ ಹಳದಿ ಹುಳ ಹರಿದಾಡುತ್ತಿದ್ದವು. ಎರಡನ್ನೂ ಮಾಳಿಗೆಗೆ ಒಯ್ದು, ಪಂಚೆ ಹಾಸಿ, ಬಿಸಿಲಿಗೆ ಹರವಿದೆ. ನಮ್ಮಲ್ಲಿ ಕಾಳಿನ ಹುಳ ಕೊಲ್ಲುವ ಪದ್ಧತಿಯಿಲ್ಲ. ಬಿಸಿಲಿಗೆ ಹಾಕುತ್ತೇವೆ, ಅವು ತಾವೇ ಹೊರಟುಹೋಗುತ್ತವೆ ಎನ್ನುತ್ತೇವೆ. ಅತ್ತೆಯವರೂ ಹಾಗೆಯೇ ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಹುಳಗಳು ಪಂಚೆಯ ಅಂಚಿಗೆ ಬಂದವು. ಸುಡುವ ಸಿಮೆಂಟಿನ ಮೇಲೆ ಇಳಿದವು. ಅಲ್ಲಿಂದ ಮುಂದೆ ಹೆಚ್ಚು ದೂರ ಹೋಗಲಿಲ್ಲ. ಇರುವೆಯ ಸಾಲು ಮೊದಲೇ ಬಂದು ನಿಂತಿತ್ತು.

ಮಾವನವರನ್ನು ಮೇಲೆ ಕರೆದೆ. ಅವರು ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದರು.

"ಮಾವಾರ, ವರ್ಷಾ ಜೋಳಾ ಬಿಸಿಲಿಗೆ ಹಾಕ್ತೇವಿ. ಹುಳಾ ಎಲ್ಲಿ ಹೋಗ್ತಾವ ಅಂತ ಯಾವತ್ತರ ನೋಡೀರೇನ್ರಿ?"

ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇರುವಿ ಒಯ್ತಾವ," ಅಂದರು.

"ಈ ಸಲ ಹಕ್ಕಿ ಒಯ್ಲಿ ರೀ."

ಅವರು ಕೆಳಗೆ ಇಳಿದರು. ನಾನು ಅತ್ತೆಯವರ ಗಾಯ ಒರೆಸುತ್ತಿದ್ದ ಸಣ್ಣ ಚಿಮಟಿಗೆಯನ್ನು ಕುದಿಯುವ ನೀರಲ್ಲಿ ಹಾಕಿ ತೆಗೆದೆ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಸಿ, ಶಿವನೇ ನೀನೇ ನೋಡಿಕೋ ಎಂದು, ಮೊದಲ ಹುಳ ಹಿಡಿದೆ. ತಲೆ ಹಿಚುಕಿದೆ. ಬದಿಯಿಂದ ಉಗುರು ಹಚ್ಚಿ ಕೊಕ್ಕು ತೆರೆದು, ನಾಲಿಗೆಯ ಹಿಂದೆ ಇಟ್ಟೆ. ನುಂಗಿತು. ಮತ್ತೆ ಬಾಯಿ ತೆರೆಯಿತು.

ಸಂಜೆ ಪೂಜೆಯಾದ ಮೇಲೆ ಮಾವನವರು ನನ್ನನ್ನು ಕರೆದು, "ಅಡಗಿ ಮನ್ಯಾಗ ಬ್ಯಾಡವಾ. ನಾ ಊಟಕ್ಕ ಕುಂತಾಗೂ ಬ್ಯಾಡ," ಎಂದರು. ಅಷ್ಟೇ. ನಾನು ಡಬ್ಬಿಯನ್ನು ಮಾಳಿಗೆ ಮೆಟ್ಟಿಲ ಕೆಳಗೆ ಇಟ್ಟುಕೊಂಡೆ.

ಹಾಗೆ ಕೆಲಸ ಶುರುವಾಯಿತು. ಬೆಳಕು ಹರಿಯುತ್ತಲೇ ಮೊದಲ ತುತ್ತು. ಆಮೇಲೆ ರೊಟ್ಟಿ ತಟ್ಟುವ ನಡುವೆ, ಬಟ್ಟೆ ಹಿಂಡುವ ನಡುವೆ, ಕತ್ತಲಾಗುವ ತನಕ. ಒಗ್ಗರಣೆ ಹಾಕಿದ ಕೈಯಿಂದ ಒಂದು ಸಲ ಮರೆತು ಹಿಡಿದುಬಿಟ್ಟೆ. ಬಲ ರೆಕ್ಕೆಯ ತುದಿಯಲ್ಲಿ ಎರಡು ಪುಕ್ಕ ಅಂಟಿಕೊಂಡವು. ಡಾಕ್ಟರಬಾಯಿ ಫೋನಿನಲ್ಲಿ ಬೈದರು. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಒಂದೊಂದೇ ಎಳೆಯನ್ನು ಬುಡದಿಂದ ತುದಿಗೆ ನೀವಿ ಬಿಡಿಸಲು ಮಧ್ಯಾಹ್ನವೆಲ್ಲ ಹೋಯಿತು. ಅಂದಿನಿಂದ ಸಾಬೂನಿನಲ್ಲಿ ಕೈ ತೊಳೆಯದೆ ಮುಟ್ಟಲಿಲ್ಲ, ಮುಟ್ಟುವಾಗಲೂ ಸೀರೆಯ ತುಂಡಿನಲ್ಲೇ ಹಿಡಿದೆ. ತುಂಡುಗಳು ಎಷ್ಟು ಬೇಕಾದರೂ ಇದ್ದವು. ಕೌದಿ ಹಾಗೇ ನಿಂತಿತ್ತು.

ಹಿಟ್ಟಿನ ಹುಳ ತೀರಿತು. ಎದುರು ಮನೆಯ ಅಕ್ಕ, ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, "ನಮ್ಮ ರವಾದಾಗೂ ಅದಾವವಾ, ಬೇಕಂದ್ರ ತಗೋ, ಹೊರಗ ಯಾರಿಗೂ ಹೇಳಬ್ಯಾಡ," ಎಂದು ಡಬ್ಬಿ ಕೊಟ್ಟರು. ಅದೂ ತೀರಿತು. ಅಷ್ಟರಲ್ಲಿ ಒಂದು ಸಂಜೆ ಮಳೆ ಬಂದು ನಿಂತಿತು. ಮಣ್ಣಿನಿಂದ ರೆಕ್ಕೆಯ ಮಳೆಹುಳಗಳು ಎದ್ದವು. ಹುಳ ದೀಪಕ್ಕೆ ಬಿದ್ದು ಸಾಯದಿರಲೆಂದು ನಾವು ಅಂಥ ಸಂಜೆ ದೀಪ ಆರಿಸಿ, ಕಿಟಕಿ ಹಾಕಿಕೊಂಡು ಕೂರುವವರು. ನಾನು ಬುಟ್ಟಿ ಹುಡುಕುತ್ತಿದ್ದೆ. ಆಗ ಮೆಟ್ಟಿಲ ಮೇಲಿನ ದೀಪ ಹತ್ತಿತು. ಹಚ್ಚಿದವರು ಮಾವನವರು. ಪರಾತದಲ್ಲಿ ನೀರು ತುಂಬಿ ದೀಪದ ಕೆಳಗೆ ತಾವೇ ಇಟ್ಟು, ಹಣೆಯ ವಿಭೂತಿ ಒರೆಸಿಕೊಂಡ ಹಾಗೆ ಮಾಡಿ ಒಳಗೆ ಹೋದರು. ರೆಕ್ಕೆ ಉದುರಿದ ಹುಳಗಳನ್ನು ನಾನು ಸೋಸಿ ತೆಗೆದು, ಬಟ್ಟೆಯಲ್ಲಿ ಕಟ್ಟಿ, ತಣ್ಣಗಿನ ಜಾಗದಲ್ಲಿ ಇಟ್ಟೆ. ಕೆಲವು ದಿನಕ್ಕೆ ಸಾಲುವಷ್ಟಾದವು.

ಒಂದು ದಿನ ತಿನಿಸುವಾಗ ಅದು ನನ್ನ ಕೈ ತಪ್ಪಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಹೋದವಳನ್ನು ಮಾವನವರು ತಡೆದರು. "ನಿಂದ್ರವಾ, ಏನ ಮಾಡತೈತಿ ನೋಡೂಣು." ಅದು ರೆಕ್ಕೆ ಎರಡೂ ಅಗಲಿಸಿತು. ರೆಕ್ಕೆ ಎಂದರೆ ಕುಡಗೋಲಿನ ಹಾಗೆ ಬಾಗಿ, ಮೈಗಿಂತ ಉದ್ದ. ಬಡಿದರೆ ನೆಲಕ್ಕೇ ಬಡಿಯಿತು. ಕಾಲಿನಿಂದ ಜಿಗಿಯಬೇಕೆಂದರೆ ಕಾಲೇ ಇಲ್ಲ. ಹುಟ್ಟು ಹಾಕುವವರ ಹಾಗೆ ನೆಲದ ಮೇಲೆ ಸುತ್ತುತ್ತ ಗೋಡೆಯ ತನಕ ಹೋಯಿತು. ಅಲ್ಲಿ ಸುಣ್ಣದ ಗೋಡೆಗೆ ಉಗುರು ಹಚ್ಚಿ, ಸರಸರ ಏರಿ, ನನ್ನ ಭುಜದ ಎತ್ತರಕ್ಕೆ ನಿಂತುಬಿಟ್ಟಿತು.

"ಇಷ್ಟ ದೊಡ್ಡ ರೆಕ್ಕಿ ಇಟಗೊಂಡು ಒಂದ ಗೇಣ ಏಳಾಕ ಬರವಲ್ದಲ್ಲವಾ," ಎಂದರು ಮಾವನವರು. "ನೆಲಕ್ಕ ಬಿದ್ರ ಇದರ ಕತಿ ಮುಗೀತು."

"ಹೌದ್ರಿ. ಎತ್ತರದಿಂದ ಬಿಡಬೇಕಂತ್ರಿ."

ದಿನ ಕಳೆದಂತೆ ರೆಕ್ಕೆ ಉದ್ದವಾಗುತ್ತ ಹೋಯಿತು. ಮಡಿಸಿದರೆ ತುದಿಗಳು ಬಾಲದ ಆಚೆ ಕತ್ತರಿಯ ಹಾಗೆ ಒಂದನ್ನೊಂದು ದಾಟಿದವು. ಕಣ್ಣಿನ ಮುಂದೆ ಸಣ್ಣ ಗಟ್ಟಿ ಪುಕ್ಕಗಳ ಒಂದು ಹುಬ್ಬು ಮೂಡಿತು. ಗಾಳಿ ಕಣ್ಣಿಗೆ ಹೊಡೆಯದಿರಲಿ ಎಂದು ದೇವರು ಕೊಟ್ಟ ಛಜ್ಜಾ. ಡಬ್ಬಿಯ ತಳಕ್ಕೆ ರೆಕ್ಕೆಯ ತುದಿ ಊರಿ, ಮೈಯನ್ನು ಮೇಲೆತ್ತಿ, ಇಳಿಸಿ, ಮತ್ತೆ ಎತ್ತುತ್ತಿತ್ತು. ಮಾವನವರು ಕುರ್ಚಿ ತಂದು ಮೆಟ್ಟಿಲ ಹತ್ತಿರ ಹಾಕಿಕೊಂಡು ನೋಡುತ್ತಿದ್ದರು.

"ದಂಡ ಹೊಡ್ಯಾಕತ್ತೈತಿ ನೋಡಿದು. ಗರಡಿ ಮನಿ ಪೈಲ್ವಾನ."

ಅಕ್ಕನೂ ಅಂದಿನಿಂದ "ಪೈಲ್ವಾನ ಉಂಡನೇನ?" ಎಂದೇ ಕೇಳುತ್ತ ಬರುತ್ತಿದ್ದರು. ಮನೆಯಲ್ಲಿ ನಗುವಂಥದ್ದು ಒಂದು ಇತ್ತು. ನಾನು ನಗಲಿಲ್ಲ, ಆದರೆ ಕೇಳಿಸಿಕೊಂಡೆ.

ಆಮೇಲೆ ಒಂದು ಬೆಳಗ್ಗೆ ಅದು ಬಾಯಿ ತೆರೆಯಲಿಲ್ಲ.

ಬದಿಯಿಂದ ಉಗುರು ಹಚ್ಚಿ ತೆರೆದು ಹುಳ ಇಟ್ಟೆ. ತಲೆ ಕೊಡವಿ ಹೊರಗೆ ಎಸೆಯಿತು. ಮತ್ತೆ ಇಟ್ಟೆ. ಮತ್ತೆ ಎಸೆಯಿತು. ಮಧ್ಯಾಹ್ನವೂ ಹಾಗೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಸಂಜೆ ಅಕ್ಕ ಬಂದು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೆಲ್ಲಗೆ, "ನಿಮ್ಮತ್ತಿನೂ ಕಡೀಕ ಹಿಂಗ ಬಾಯಿ ಮುಚ್ಚಿದ್ರಲ್ಲ," ಎಂದರು.

ಹೌದು, ಹಾಗೇ ಮುಚ್ಚಿದ್ದರು. ಗಂಜಿ ತುಟಿಯ ಬದಿಯಿಂದ ಇಳಿದು ದಿಂಬಿಗೆ ಹೋಗುತ್ತಿತ್ತು. ನಾನು ಒರೆಸುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಮಾವನವರು ವಿಭೂತಿ ಕರಡಿಗೆ ಹಿಡಿದುಕೊಂಡು ಬಂದು ಮೆಟ್ಟಿಲ ಹತ್ತಿರ ನಿಂತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಡಾಕ್ಟರಬಾಯಿ ಗರಗ ಎಂಬ ಊರಲ್ಲಿ ದನಗಳಿಗೆ ಲಸಿಕೆ ಹಾಕುವ ಕ್ಯಾಂಪಿನಲ್ಲಿದ್ದರು. ಫೋನು ಕಡಿದು ಕಡಿದು ಬರುತ್ತಿತ್ತು. ಹಿಂದೆ ದನಗಳ ಕೂಗು.

"ಹಾರೂಕಿಂತ ಮೊದಲ ಇವು ತಿನ್ನೂದು ಬಿಡ್ತಾವಂತ್ರಿ. ಮೈ ಹಗುರ ಮಾಡ್ಕೋತಾವ. ನಮ್ಮ ಸರ್ ಹೇಳಿದ್ರು."

"ಹಂಗಾರ ಇದು ಅದೇ ಏನ್ರಿ?"

"ಜಡ್ಡಾದ್ರೂ ಬಿಡ್ತಾವ್ರಿ. ಎರಡೂ ಇರಬಹುದು. ಫೋನಿನ್ಯಾಗ ನನಗ ಹೇಳಾಕ ಬರಂಗಿಲ್ಲ. ದಿನಾ ನೋಡಿದಾಕಿ ನೀವು." ಆಮೇಲೆ, "ಬಿಡೂದಾದ್ರ ಎತ್ತರದಿಂದ ಬಿಡ್ರಿ. ಎಸೀಬ್ಯಾಡ್ರಿ. ಅಂಗೈ ಮ್ಯಾಲ ಇಟಗೊಂಡು ಸುಮ್ನ ನಿಂದರ್ರಿ," ಎಂದರು. ಫೋನು ಕಡಿಯಿತು.

ಜಡ್ಡಾಗಿದ್ದು ಬಿಟ್ಟರೆ ಕಲ್ಲಿನ ಹಾಗೆ ಬೀಳುತ್ತದೆ. ಹಾರಲು ತಯಾರಾಗಿದ್ದು ನಾನು ಒತ್ತಿ ತುರುಕಿದರೆ ಭಾರವಾಗಿ ಬೀಳುತ್ತದೆ. ಬಿಡದೆ ಇಟ್ಟುಕೊಂಡರೆ ಹಸಿದು ಸಾಯುತ್ತದೆ. ಮೂರರಲ್ಲಿ ಯಾವುದಾದರೂ ಕೈ ನನ್ನದೇ. ಮೆಟ್ಟಿಲ ಕೆಳಗೆ ಕುಳಿತು ಅದನ್ನು ಸೀರೆಯ ತುಂಡಿನಲ್ಲಿ ಎತ್ತಿಕೊಂಡೆ. ರೋಗಿಯನ್ನು ನೋಡುವ ಹಾಗೆ ನೋಡಿದೆ. ಕಣ್ಣು ಹೊಳೆಯುತ್ತಿತ್ತು. ಹಿಕ್ಕೆ ಕೆಟ್ಟಿರಲಿಲ್ಲ. ಎದೆ ಬಡಿಯುತ್ತಿತ್ತು, ಆದರೆ ಅದು ಮೊದಲಿನಿಂದಲೂ ಹಾಗೆಯೇ. ಇಷ್ಟರಿಂದ ಏನೂ ತಿಳಿಯಲಿಲ್ಲ.

ಡಬ್ಬಿಯಲ್ಲಿ ವಾಪಸು ಇಡಲು ಹೋದಾಗ ಅದು ಬಿಡಲಿಲ್ಲ. ಉಗುರುಗಳು ಬಟ್ಟೆ ದಾಟಿ ನನ್ನ ಬೆರಳಿಗೆ ಇಳಿದಿದ್ದವು. ಒಂದೊಂದಾಗಿ ಬಿಡಿಸಬೇಕಾಯಿತು. ಒಂದು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಬೆರಳಿನಲ್ಲಿ ರಕ್ತದ ಹನಿ ಬಂತು.

ಅತ್ತೆಯವರ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಇದು. ಅವರು ಬಾಯಿ ಮುಚ್ಚುವುದಕ್ಕಿಂತ ಮೊದಲೇ ಅವರ ಕೈ ಹಿಡಿತ ಬಿಟ್ಟಿತ್ತು. ಹೊರಳಿಸುವಾಗ ನನ್ನ ರಟ್ಟೆ ಹಿಡಿಯುತ್ತಿದ್ದವರು, ಹಿಡಿಯುವುದನ್ನು ನಿಲ್ಲಿಸಿದ್ದರು. ನಾನೇ ಅವರ ಬೆರಳು ಮಡಿಸಿ ನನ್ನ ಕೈಗೆ ಹಚ್ಚಿದರೆ, ಹಾಗೇ ಬಿಚ್ಚಿಕೊಳ್ಳುತ್ತಿದ್ದವು. ಅನ್ನ ಬಿಟ್ಟದ್ದು ಆಮೇಲೆ. ಈ ಹಕ್ಕಿಯ ಹಿಡಿತ ಇನ್ನೂ ಬಿಟ್ಟಿರಲಿಲ್ಲ.

"ತಿನಿಸೂದಿಲ್ರಿ ಮಾವಾರ," ಅಂದೆ.

"ಉಪಾಸ ಕೆಡವ್ತಿಯೇನವಾ?"

"ಮಳಿ ನಿಂತಕೂಡ್ಲೆ ಬಿಡ್ತೇನ್ರಿ."

"ಬಿದ್ರ?"

"ಬಿದ್ರ ಬೀಳತೈತ್ರಿ."

ಅವರು ವಿಭೂತಿ ಕರಡಿಗೆಯನ್ನು ಒಳಗೆ ಒಯ್ದಿಟ್ಟರು.

ಮರುದಿನವೂ ಮಳೆ. ಮಳೆಯಲ್ಲಿ ಬಿಟ್ಟರೆ ಹುಳ ಎಲ್ಲಿ ಸಿಗಬೇಕು, ನೆನೆದರೆ ರೆಕ್ಕೆ ಹೇಗೆ ಏಳಬೇಕು. ಕೆಲಸ ಮಾಡುತ್ತಲೇ ಆಕಾಶ ನೋಡಿದೆ. ಹಕ್ಕಿಯ ಮೈ ಕೈಗೆ ಇನ್ನೂ ಹಗುರ ಅನಿಸುತ್ತಿತ್ತು. ದಂಡ ಹೊಡೆಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ಅದೊಂದನ್ನು ಹಿಡಿದುಕೊಂಡು ಆ ದಿನ ಕಳೆದೆ. ರಾತ್ರಿ ಮಲಗುವಾಗ ಲಿಂಗ ಕೈಯಲ್ಲಿ ಹಿಡಿದು ಏನು ಕೇಳಬೇಕೋ ತಿಳಿಯದೆ, ಮಳೆ ನಿಲ್ಲಿಸು ಎಂದಷ್ಟೇ ಕೇಳಿದೆ.

ಬೆಳಗಾದಾಗ ಮೋಡ ಇತ್ತು, ಮಳೆ ಇರಲಿಲ್ಲ. ವಖಾರಿ ಇದ್ದ ಜಾಗ ಬಯಲಾಗಿತ್ತು. ಅದರ ಮೇಲೆ ಎತ್ತರದಲ್ಲಿ ಅದೇ ಜಾತಿಯ ಹಕ್ಕಿಗಳು ಚೀರುತ್ತ ಸುತ್ತುತ್ತಿದ್ದವು. ಗೂಡು ಹೋದರೂ ಜಾಗ ಬಿಟ್ಟಿರಲಿಲ್ಲ. ಮಾವನವರು ಕೋಲು ಊರಿಕೊಂಡು ಆ ಬಯಲಿಗೆ ಹೋಗಿ, ನಮ್ಮ ಮಾಳಿಗೆಗೆ ಎದುರಾಗಿ ನಿಂತರು. ಬಿದ್ದರೆ ನಾಯಿ ಬರುವುದರೊಳಗೆ ಎತ್ತಿಕೊಳ್ಳಬೇಕೆಂದು. ನಾನು ಸಾಬೂನಿನಲ್ಲಿ ಕೈ ತೊಳೆದು, ಒರೆಸಿಕೊಂಡು, ಮಾಳಿಗೆಗೆ ಹೋದೆ.

ಕೈ ಮೇಲೆತ್ತಿ, ಅಂಗೈ ಬಿಡಿಸಿ ನಿಂತೆ. ಅದು ಹೊಟ್ಟೆ ಹಚ್ಚಿ ಬಿದ್ದುಕೊಂಡಿತು. ಏನೂ ಮಾಡಲಿಲ್ಲ. ಓಣಿಯಲ್ಲಿ ಹಾಲಿನವನ ಗಾಡಿ ಹೋಯಿತು. ನನ್ನ ತೋಳು ನೋಯತೊಡಗಿತು. ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟೆ. ಆಮೇಲೆ ಅದರ ಮೈ ನಡುಗತೊಡಗಿತು. ಚಳಿಗೆ ನಡುಗುವ ಹಾಗಲ್ಲ, ಹೊಲಿಗೆ ಯಂತ್ರದ ಹಾಗೆ, ಒಂದೇ ಸಮ. ತಲೆ ಅತ್ತ ಇತ್ತ ತಿರುಗಿಸಿತು. ಅಂಗೈಯ ಅಂಚಿಗೆ ಸರಿಯಿತು.

ಹೋದದ್ದು ತಿಳಿಯಲೇ ಇಲ್ಲ. ಕೈ ಹಗುರಾಯಿತು ಎನ್ನಲು ಅದರಲ್ಲಿ ಭಾರವೂ ಇರಲಿಲ್ಲ. ಅದು ಮೇಲಕ್ಕೆ ಹೋಗಲಿಲ್ಲ. ಕೆಳಕ್ಕೆ ಹೋಯಿತು. ಮಾಳಿಗೆ ಕಟ್ಟೆಯ ಅಂಚು ದಾಟಿ ಕಾಣದಾಯಿತು. ಓಡಿ ಬಗ್ಗಿದೆ. ಕೆಳಗೆ ಪಕ್ಕದ ಮನೆಯ ತಗಡಿನ ಚಪ್ಪರ ಅಡ್ಡ.

"ಮಾವಾರ! ಬಿತ್ತೇನ್ರಿ?"

"ಇಲ್ಲೇ ಬಂದಂಗಾತು!"

"ನೋಡಿದ್ರೇನ್ರಿ?"

"ಏನೋ ಕರ್ರಗ ಹಾದ್ಹೋತು. ಕಣ್ಣ ಬೆನ್ನಹತ್ತೂದರಾಗ ಇಲ್ಲ!"

ಮೆಟ್ಟಿಲು ಇಳಿದು ಬಯಲಿಗೆ ಹೋದೆ. ಅವರು ಕೋಲಿನಿಂದ ಇಟ್ಟಿಗೆ ಚೂರು ಸರಿಸುತ್ತಿದ್ದರು. ನಾನು ತಗಡಿನ ಚಪ್ಪರದ ಕೆಳಗೆ, ಗಟಾರದಲ್ಲಿ, ಹಳೆ ತೊಲೆಗಳ ಸಂದಿಯಲ್ಲಿ ನೋಡಿದೆ. ಎದುರು ಮನೆಯ ಅಕ್ಕನೂ ಬಂದು ಸೀರೆ ಎತ್ತಿ ಕಟ್ಟಿ ಹುಡುಕಿದರು. ನೆನೆದ ಮಣ್ಣು, ಗಾಜು, ಒಂದು ಹರಿದ ಚಪ್ಪಲಿ. ತುಸು ಹೊತ್ತಿಗೆ ಅಕ್ಕ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತು ಮೇಲೆ ನೋಡಿದರು.

"ಅದರಾಗ ಯಾವುದ ತಂಗೀ ನಮ್ಮ ಪೈಲ್ವಾನ?"

ಮೇಲೆ ಹತ್ತಾರು ಹಕ್ಕಿ. ಎಲ್ಲವೂ ಒಂದೇ ಥರ. ಬಾಗಿದ ರೆಕ್ಕೆ, ಮೋಟು ಬಾಲ.

"ಗೊತ್ತಾಗವಲ್ದ್ರಿ."

ಮಾವನವರು ಕೋಲು ನೆಲಕ್ಕೆ ಊರಿದರು. ಬಹಳ ದಿನಗಳ ಮೇಲೆ ಅವರ ಸಾಲಿ ದನಿ ಕೇಳಿದೆ. "ನೆಲದ ಮ್ಯಾಲ ಇಲ್ಲ ಅಂದ್ರ ಗಾಳ್ಯಾಗ ಐತಿ. ಇದಕ್ಕ ಮೂರನೇ ಜಾಗಾನ ಇಲ್ಲವಾ."

"ಇನ್ನೊಮ್ಮೆ ನೋಡೂಣ್ರಿ."

ಅವರು ಬೇಸರಿಸಲಿಲ್ಲ. ಇಬ್ಬರೂ ಆ ತುದಿಯಿಂದ ಈ ತುದಿಗೆ ಮತ್ತೊಮ್ಮೆ ನೋಡಿದೆವು. ದೇವರ ಹತ್ತಿರ ಈ ಮನೆಗಾಗಿ ಎಷ್ಟೋ ಕೇಳಿದ್ದೇನೆ. ಏನೂ ಸಿಗದಿರಲಿ ಎಂದು ಕೇಳಿದ್ದು ಅದೇ ಮೊದಲು. ಏನೂ ಸಿಗಲಿಲ್ಲ. ನಾನು ಗಟಾರದ ಅಂಚಿನಲ್ಲಿ ಕುಳಿತು ಸ್ವಲ್ಪ ಹೊತ್ತು ಮೇಲೆ ನೋಡಿದೆ. ಕಣ್ಣು ಒಣಗಿಯೇ ಇತ್ತು. ಕುತ್ತಿಗೆ ನೋಯುವ ತನಕ ನೋಡಿದೆ.

ಓಣಿಯಲ್ಲಿ ಯಾರೋ, "ನಳಾ ಬಂದಾವ್ರೀ!" ಎಂದು ಕೂಗಿದರು. ನೀರು ಬಿಡದೆ ಬಹಳ ದಿನವಾಗಿತ್ತು. ಬಾಗಿಲುಗಳು ತೆರೆದವು, ಕೊಡಗಳ ಸದ್ದು ಶುರುವಾಯಿತು.

"ನೀ ನಡಿ ಯವ್ವಾ, ನೀರ ಹೋದೀತು," ಎಂದರು ಮಾವನವರು. "ನಾ ಇನ್ನಷ್ಟ ಹೊತ್ತ ಇಲ್ಲೇ ನಿಂದರ್ತೇನಿ."

ನಾನು ಒಳಗೆ ಬಂದು ನಳಕ್ಕೆ ಪೈಪು ಸಿಗಿಸಿದೆ. ಮೊದಲು ಬಂದ ಕೆಂಪು ನೀರನ್ನು ಗಟಾರಕ್ಕೆ ಬಿಟ್ಟು, ತಿಳಿಯಾದ ಮೇಲೆ ಕೊಡದ ಬಾಯಿಗೆ ಅರಿವೆ ಕಟ್ಟಿ, ಕುಡಿಯುವ ನೀರು ಹಿಡಿಯತೊಡಗಿದೆ.